ಲೈನು ಸರಿಯಿತ್ತು

ಡಯಲ್ ಟೋನ್ ಇಲ್ಲ ಎಂದು ಕಂಪ್ಯೂಟರು ಏಳನೆಯ ಸಲ ಹೇಳಿತು. ಶಾಂತಿನಾಥ ಏಳನೆಯ ಸಲವೂ ಅದರ ಮಾತಿಗೆ ತಲೆಯಾಡಿಸಿ, ಪರದೆಯ ಮೇಲಿನ ಚೌಕವನ್ನು ಮುಚ್ಚಿ, ಮತ್ತೆ ಮೊದಲಿನಿಂದ ಶುರುಮಾಡಿದ. ಬಸದಿಯಿಂದ ಬಂದವನು ಧೋತರ ಕೂಡ ಬದಲಿಸಿರಲಿಲ್ಲ. ಮೂರು ವರ್ಷ ಹಳೆಯ ಸೀರೆಯ ತುಂಡು ಹೊದ್ದು ಪಡಸಾಲೆಯ ಮೂಲೆಯಲ್ಲಿ ಕೂತಿದ್ದ ಯಂತ್ರ ಅದು. ನಿನ್ನೆ ಅದರ ಧೂಳು ಹೊಡೆದು, ಹಿಂದಿನ ವಾಯರುಗಳನ್ನೆಲ್ಲ ಕಿತ್ತು, ಅರಿವೆಯಿಂದ ಒರೆಸಿ, ಒಂದೊಂದನ್ನೇ ಮತ್ತೆ ಸಿಕ್ಕಿಸಿದ್ದ. ಎಲ್ಲವೂ ಇದ್ದ ಜಾಗಕ್ಕೇ ಹೋಗಿವೆ ಎಂದು ಅವನ ನಂಬಿಕೆ. ಪರದೆ ಹೊತ್ತಿತು, ನೀಲಿ ಆಕಾಶ ಬಂತು, ಗಡಿಯಾರ ಯಾವುದೋ ಹಳೆಯ ವರ್ಷದ ತಾರೀಖು ತೋರಿಸಿತು. ಆದರೆ ಆ ಕಿರ್ರೋ ಎಂಬ ಸದ್ದು, ಫೋನಿನ ಲೈನಿನಲ್ಲಿ ಯಾರೋ ಹಲ್ಲು ಕಡಿದಂಥ ಸದ್ದು, ಅದೊಂದು ಬರಲಿಲ್ಲ. ಒಳಗೆ ಹೆಂಡತಿ ಹೀರಾಬಾಯಿ ಬಾವಿಯಿಂದ ಸೇದಿದ ನೀರನ್ನು ಎರಡು ಪದರ ಅರಿವೆಯಲ್ಲಿ ಸೋಸುತ್ತಿದ್ದಳು. ಮಗಳು ಬರುವವಳಿದ್ದಳು. ಬಂದು, ದಿನದ ಒಂದೇ ಊಟವನ್ನು ತವರಿನಲ್ಲಿ ಕೊನೆಯ ಸಲ ಉಂಡು, ಉಡಿ ತುಂಬಿಸಿಕೊಂಡು, ಎರಡು ಗಂಟೆಯ ಜೀಪಿನಲ್ಲಿ ಹೋಗುವವಳಿದ್ದಳು. ನಾಡಿದ್ದು ತೇರದಾಳದ ಆಚೆಗೆ ಹಾಕಿದ ಮಂಟಪದಲ್ಲಿ ಅವಳಿಗೆ ದೀಕ್ಷೆ. ಆಮೇಲೆ ಅವಳು ಸಿದ್ಧಿಯಲ್ಲ. ಬೇರೆ ಹೆಸರಿನ ಆರ್ಯಿಕೆ, ಜೈನ ಸನ್ಯಾಸಿನಿ. ಎದುರು ಬಂದರೆ ತಂದೆಯೇ ಬಾಗಿ ವಂದಾಮಿ ಅನ್ನಬೇಕು. ಎರಡು ಗಂಟೆಯೊಳಗೆ ಅವಳಿಗೆ ಒಂದು ಪತ್ರ ತೋರಿಸಬೇಕಾಗಿತ್ತು. ಪತ್ರ ಈ ಡಬ್ಬಿಯ ಆಚೆಗೆ ಎಲ್ಲೋ ಇತ್ತು. ಮಧ್ಯಾಹ್ನ ಹನ್ನೆರಡಕ್ಕೆ ರಬಕವಿಯ ಕರೆಂಟು ಹೋಗುವ ಪಾಳಿ, ಅದೊಂದು ಬೇರೆ.

ಬಾಯಿಂದ ಹೇಳಿದರೆ ಆಗುತ್ತಿತ್ತಲ್ಲ ಎಂದು ಯಾರಾದರೂ ಕೇಳಬಹುದು. ಅವನೇ ಕೇಳಿಕೊಂಡಿದ್ದ, ಮುನಿಸಂಘದವರು ದೀಕ್ಷೆಯ ಒಪ್ಪಿಗೆ ಪತ್ರಕ್ಕೆ ಸಹಿ ಮಾಡಿಸಿಕೊಂಡು ಹೋದ ಮೇಲಿನ ಹದಿನೈದು ದಿನಗಳಲ್ಲಿ ದಿನಕ್ಕೆ ಹತ್ತು ಸಲ. ಸ್ವಸಂತೋಷದಿಂದ, ಯಾರ ಒತ್ತಾಯವೂ ಇಲ್ಲದೆ, ಎಂದು ಅದರಲ್ಲಿ ಬರೆದಿತ್ತು. ಸಹಿ ಮಾಡುವಾಗ ಪೆನ್ನು ಆ ಸಾಲಿನ ಕೆಳಗೆ ಒಂದು ಗಳಿಗೆ ನಿಂತಿತು. ಬಂದವರು ಅದನ್ನು ಹೆತ್ತ ಕರುಳು ಅಂದುಕೊಂಡು ಮುಖ ಬೇರೆ ಕಡೆ ಮಾಡಿದರು. ಕರುಳೂ ಅಲ್ಲ, ಮಣ್ಣೂ ಅಲ್ಲ. ನೇಕಾರರ ಸಂಘದಲ್ಲಿ ಮೂವತ್ತೊಂದು ವರ್ಷ ಸೀರೆ ತಪಾಸಣೆ ಮಾಡಿದವನು ಶಾಂತಿನಾಥ. ಮೇಜಿನ ಮೇಲೆ ಸೀರೆ ಹರವಿ, ಕಿಟಕಿಯ ಬೆಳಕಿಗೆ ಹಿಡಿದು, ಎಲ್ಲಿ ಎಳೆ ತಪ್ಪಿದೆ, ಎಲ್ಲಿ ಅಂಚು ಸೊಟ್ಟಗಿದೆ ಎಂದು ಬೆರಳಿಟ್ಟು ತೋರಿಸುವುದು ಅವನ ಕೆಲಸ. ಬೆರಳಿಟ್ಟರೆ ಸಾಕು, ಮಾತು ಬೇಕಾಗಿರಲಿಲ್ಲ. ಎದುರಿಗೆ ನಿಂತ ನೇಕಾರ ತಾನೇ ನೋಡಿ ತಾನೇ ತಲೆ ತಗ್ಗಿಸುತ್ತಿದ್ದ. ಇವತ್ತೂ ಹಾಗೇ ಆಗಲಿ, ಪರದೆಯ ಮೇಲೆ ಬೆರಳಿಟ್ಟು ತೋರಿಸಿಬಿಡುತ್ತೇನೆ, ಅವಳೇ ಓದಿಕೊಳ್ಳಲಿ ಎಂಬ ಲೆಕ್ಕ ಅವನದು. ತಪ್ಪು ತೋರಿಸುವುದು ಗೊತ್ತಿತ್ತು, ಹೇಳಿಕೊಳ್ಳುವುದು ಗೊತ್ತಿರಲಿಲ್ಲ.

ಪೇಟೆಯಲ್ಲಿ ಇಂಟರ್ನೆಟ್ಟಿನ ಅಂಗಡಿ ಇತ್ತು. ಆದರೆ ಸಿದ್ಧಿಯ ಇ-ಅಂಚೆಯ ಗುಪ್ತಪದ ಅವನಿಗೆ ಗೊತ್ತಿಲ್ಲ; ಅದು ಈ ಒಂದು ಯಂತ್ರಕ್ಕೆ ಮಾತ್ರ ನೆನಪಿತ್ತು. ನೆನಪಿರುವಂತೆ ಮಾಡಿಟ್ಟವಳೂ ಅವಳೇ. ಕಂಪ್ಯೂಟರು ಕೊಂಡ ಹೊಸತರಲ್ಲಿ, ಬನಹಟ್ಟಿ ಕಾಲೇಜಿನಲ್ಲಿ ಪಾಠ ಹೇಳಲು ಹೋಗುತ್ತಿದ್ದಾಗ, ಒಂದು ಸಂಜೆ ಅಪ್ಪನನ್ನು ಪಕ್ಕದಲ್ಲಿ ಕೂರಿಸಿಕೊಂಡು, ಅವನ ಕೈಯ ಮೇಲೆ ತನ್ನ ಕೈಯಿಟ್ಟು ಮೌಸ್ ಓಡಿಸಿದ್ದಳು. "ಮುಂಬೈ ಕಾಕಾನ ಪತ್ರಾ ಬಂದ್ರ ನೀವ ನೋಡಬೌದ್ರಿ ಅಪ್ಪಾಜಿ. ಇಲ್ಲಿ ಒತ್ರಿ, ಕಾಯ್ರಿ, ಮತ್ತ ಇಲ್ಲಿ ಒತ್ರಿ. ನನ್ನ ಕೇಳೂದ ಬ್ಯಾಡ." ಅವಳ ಬೆರಳಿಗೆ ಸೀಮೆಸುಣ್ಣದ ವಾಸನೆ ಇತ್ತು. ಆ ವಿಶ್ವಾಸಕ್ಕೆ ಅವನು ಒಂದೂವರೆ ವರ್ಷದಲ್ಲಿ ಏನು ಮಾಡಿದ ಅಂದರೆ, ಎರಡು ಸಾವಿರದ ಮೂರರ ಕ್ಷಮಾವಾಣಿಯ ದಿನ, ದಶಲಕ್ಷಣ ಪರ್ವದ ಹತ್ತು ದಿನ ಒಪ್ಪತ್ತು ಮಾಡಿ ಮೈ ಹತ್ತಿಯಷ್ಟು ಹಗುರಾಗಿದ್ದ ದಿನ, ಊರಿನ ಜೈನರೆಲ್ಲ ಮನೆಮನೆಗೆ ಹೋಗಿ ಕೈಮುಗಿದು ವರ್ಷದ ತಪ್ಪಿಗೆ ಕ್ಷಮೆ ಕೇಳಿಕೊಳ್ಳುತ್ತಿದ್ದ ದಿನ, ಅವಳು ಕಾಲೇಜಿಗೆ ಹೋದಾಗ ಅವಳ ಅಂಚೆ ತೆರೆದು, ಅವಳ ಹೆಸರಿಗೆ ಬಂದ ಪತ್ರ ಓದಿ, ಅವಳ ಹೆಸರಿನಲ್ಲಿ ಉತ್ತರ ಬರೆದ.

ಆ ಪತ್ರ ಬರೆದವನು ಶ್ರೇಯಸ. ಅದೇ ಕಾಲೇಜಿನಲ್ಲಿ ಪಾಠ ಹೇಳುತ್ತಿದ್ದವನು. ಸಾಂಗಲಿಯಲ್ಲಿ ಕಾಯಂ ನೌಕರಿ ಸಿಕ್ಕಿದೆ, ಮಾತು ಕೊಟ್ಟಂತೆ ನಾನೇ ಮೊದಲು ಬರೆಯುತ್ತಿದ್ದೇನೆ, ನಮ್ಮಪ್ಪನನ್ನು ನಿಮ್ಮ ಮನೆಗೆ ಎಂದು ಕಳಿಸಲಿ ಹೇಳು. ನಿನಗೆ ಮನಸ್ಸಿಲ್ಲದಿದ್ದರೆ ಉದ್ದ ಬರೆಯಬೇಡ, ಕ್ಷಮಿಸು ಎಂದಷ್ಟೇ ಬರೆ, ನಾನು ತಿಳಿದುಕೊಂಡು ಸುಮ್ಮನಾಗುತ್ತೇನೆ, ಮತ್ತೆಂದೂ ನಿನ್ನನ್ನು ಕೇಳುವುದಿಲ್ಲ. ಶಾಂತಿನಾಥ ಎರಡು ಸಲ ಓದಿದ. ಹುಡುಗನಲ್ಲಿ ಎಳೆ ತಪ್ಪಿದ್ದು ಎಲ್ಲೂ ಕಾಣಲಿಲ್ಲ. ಜಾತಿ ಅದೇ, ಬಸದಿ ಅದೇ. ಕಂಡದ್ದು ಅವನ ಅಪ್ಪ ಧರ್ಮರಾಜ. ಎರಡು ಮಗ್ಗದ ಧರ್ಮರಾಜ ಇಪ್ಪತ್ತು ವರ್ಷ ವಾರಕ್ಕೊಮ್ಮೆ ಶಾಂತಿನಾಥನ ಮೇಜಿನ ಮುಂದೆ ಸೀರೆ ಹಿಡಿದು ನಿಂತವನು. ಎಷ್ಟೋ ಸಲ ಅವನ ಸೀರೆಯನ್ನು ವಾಪಸು ತಳ್ಳಿದ್ದುಂಟು. ಒಮ್ಮೆ, ಬಿಸಿಲಿಗೋ ಹೊಟ್ಟೆನೋವಿಗೋ ತಲೆ ಕೆಟ್ಟ ದಿನ, ಹತ್ತು ಜನರ ಎದುರು ಅದನ್ನು ನೆಲಕ್ಕೆ ಚೆಲ್ಲಿದ್ದೂ ಉಂಟು. ಧರ್ಮರಾಜ ಮಾತಿಲ್ಲದೆ ಬಗ್ಗಿ ಎತ್ತಿಕೊಂಡು, ಮಡಿಕೆ ಹಾಕಿ, ಕಂಕುಳಲ್ಲಿ ಇಟ್ಟುಕೊಂಡು ಹೋಗಿದ್ದ. ಈಗ ಅವನು ವರನ ತಂದೆ. ತಾನು ಹೆಣ್ಣಿನ ತಂದೆ. ಅವನ ಮುಂದೆ ಕೈಕಟ್ಟಿ ನಿಲ್ಲಬೇಕು, ಪಂಕ್ತಿಯಲ್ಲಿ ಅವನ ತಾಟಿಗೆ ತುಪ್ಪ ಬಡಿಸಬೇಕು, ಅವನು ಸಾಕು ಅಂದ ಮೇಲೂ ಬಡಿಸಬೇಕು. ಇಷ್ಟೇ ಕಾರಣ. ಇದಕ್ಕಿಂತ ದೊಡ್ಡದೊಂದು ಕಾರಣ ಹುಡುಕಿಕೊಳ್ಳಲು ಅವನು ಆರು ವರ್ಷ ಪ್ರಯತ್ನಪಟ್ಟಿದ್ದ, ಸಿಕ್ಕಿರಲಿಲ್ಲ. ಒಂದೇ ಬೆರಳಿನಲ್ಲಿ ಹುಡುಕಿ ಹುಡುಕಿ ಒತ್ತಿ, ಕ್ಷಮಿಸು ಎಂದು ಬರೆದು ಕಳಿಸಿದ. ಬಂದ ಪತ್ರವನ್ನು ಅಳಿಸಿದ. ಕ್ಷಮಾವಾಣಿಯ ದಿನ ಕ್ಷಮೆ ಎಂದು ಬರೆದರೆ ಅದು ಸುಳ್ಳು ಹೇಗಾದೀತು ಎಂದು ಆ ದಿನ ಮನಸ್ಸಿಗೆ ಸಮಾಧಾನ ಹೇಳಿಕೊಂಡದ್ದೂ ನಿಜ. ಸಂಜೆ ಸಿದ್ಧಿ ಬಂದು, ಚಪ್ಪಲಿ ಬಿಟ್ಟು, ಮೊದಲು ಅವನ ಕಾಲಿಗೇ ಬಿದ್ದಳು. ವರ್ಷದಾಗ ಏನರೆ ತಪ್ಪ ಮಾಡಿದ್ರ ಕ್ಷಮಾ ಮಾಡ್ರಿ ಅಪ್ಪಾಜಿ ಅಂದಳು. ಮಾಡಿದೆ ಅಂದ.

ಕಳಿಸಿದ ಪತ್ರದ ನಕಲು ಅಂಚೆಯಲ್ಲೇ ಉಳಿಯುತ್ತದೆ ಎಂದು ಅವನಿಗೆ ತಿಳಿದದ್ದು ಒಂದು ವಾರದ ಮೇಲೆ. ಕಳಿಸಿದ ಪತ್ರಗಳು ಎಂಬ ಕಪಾಟಿನಲ್ಲಿ ಅದು ಕೂತಿತ್ತು, ಕೆಳಗೆ ಶ್ರೇಯಸ ಬರೆದದ್ದೂ ಸೇರಿ. ಒಂದು ಗುಂಡಿ ಒತ್ತಿದ್ದರೆ ಮುಗಿಯುತ್ತಿತ್ತು, ಒತ್ತಲಿಲ್ಲ. ಅವಳೇ ಯಾವಾಗಲಾದರೂ ನೋಡಲಿ, ಬೈಯಲಿ, ಅಳಲಿ, ತಾನು ಹೇಳುವ ಪ್ರಸಂಗವಾದರೂ ತಪ್ಪಲಿ ಎಂದು ಬಿಟ್ಟ. ಅವಳು ಆ ಕಪಾಟು ತೆರೆಯಲೇ ಇಲ್ಲ. ತಾನು ಕಳಿಸದ ಪತ್ರವನ್ನು ಅಲ್ಲಿ ಯಾರು ಹುಡುಕುತ್ತಾರೆ? ಅವಳು ಹುಡುಕುತ್ತಿದ್ದದ್ದು ಬರಬೇಕಾದ ಪತ್ರವನ್ನು.

"ಅಣ್ಣಾರ, ಅದೀರೇನ್ರಿ?" ಎಂದು ಹೊರಗಿನಿಂದ ಕೂಗು ಬಂತು. ಟೆಲಿಫೋನ್ ಲೈನ್‌ಮನ್ ಆಗಿದ್ದು ಈಗ ನಿವೃತ್ತನಾದ ಲಗಮಣ್ಣ. ಬೆಳಿಗ್ಗೆ ಹೇಳಿ ಕಳಿಸಿದ್ದಕ್ಕೆ ಬಂದಿದ್ದ. ಕಂಬದಿಂದ ಗೋಡೆಯವರೆಗೆ ವಾಯರನ್ನು ಕಣ್ಣಲ್ಲೇ ಸವರಿಕೊಂಡು ಬಂದು, ಗೋಡೆಯ ಡಬ್ಬಿ ಬಿಚ್ಚಿ, ತನ್ನ ಹಳೆಯ ಫೋನಿನ ಎರಡು ಕೊಂಡಿ ಸಿಕ್ಕಿಸಿ ಕಿವಿಗಿಟ್ಟುಕೊಂಡ.

"ಲೈನ್ ಛಲೋ ಐತ್ರಿ. ಬೇಕಾರ ಕೇಳ್ರಿ, ಗುಂಯ್ ಅನ್ನಾಕತ್ತೈತಿ."

"ಹಂಗಾರ ಇದಕ್ಕ್ಯಾಕ ಕೇಳಸವಲ್ದು?"

"ಕಂಪ್ಯೂಟರ ನನಗ ತಿಳಿಯಂಗಿಲ್ರಿ. ನಂದೇನಿದ್ರೂ ಕಂಬದಿಂದ ಗ್ವಾಡೀ ಮಟಾ," ಎಂದು ಲಗಮಣ್ಣ ಸ್ಕ್ರೂ ತಿರುಗಿಸುತ್ತ ನಕ್ಕ. "ಆವಾಗೂ ಲೈನ್ ಛಲೋನ ಇತ್ತಲ್ರಿ, ನೆನಪೈತೇನು? ಸಿದ್ಧಿ ತಂಗಿ ಒಂದ ಸಮ ಗಂಟ ಬಿದ್ದಿತ್ತು, ಕಾಕಾ ನೋಡು, ಕಾಕಾ ನೋಡು, ಪತ್ರಾ ಬರವಲ್ವು ಅಂತ. ಮೂರ ಸಲ ವಾಯರ್ ಬದಲಿ ಮಾಡ್ದೆ. ಕಂಬಾ ಹತ್ತಿ ಇಳದು ಮೊಣಕಾಲ ಹೋತು. ನನ್ನ ಕೈಗುಣಾನ ಸುಮಾರ ಐತಿ ಬಿಡು ಅಂತ ತಿಳಕೊಂಡಿದ್ದೆ ನಾ."

ಶಾಂತಿನಾಥನಿಗೆ ನೆನಪಿತ್ತು. ಆ ಮಳೆಗಾಲದ ಕೊನೆಯಿಂದ ದೀಪಾವಳಿಯವರೆಗೆ ಸಿದ್ಧಿ ದಿನಾ ಐದೂವರೆಗೆ ಕಾಲೇಜಿನಿಂದ ಬಂದು ಮುಖ ತೊಳೆಯದೆ ಈ ಕುರ್ಚಿಯಲ್ಲಿ ಕೂರುತ್ತಿದ್ದಳು. ಕಿರ್ರೋ ಎಂದು ಲೈನು ಹತ್ತುವ ತನಕ ಉಗುರು ಕಚ್ಚುತ್ತಿದ್ದಳು. ಅಂಚೆ ತೆರೆದು, ಏನೂ ಇಲ್ಲದ್ದನ್ನು ನೋಡಿ, ಮುಚ್ಚಿ, ಮತ್ತೆ ತೆರೆಯುತ್ತಿದ್ದಳು. ಲೈನಿನ್ಯಾಗ ಏನೋ ತೊಂದರಿ ಐತ್ರಿ ಅಪ್ಪಾಜಿ, ಅರ್ಧಕ್ಕ ಕಟ್ ಆಗಾಕತ್ತೈತಿ, ಅದಕ್ಕ ಪತ್ರಾ ಒಳಗ ಬರವಲ್ವು ಅನ್ನುತ್ತಿದ್ದಳು. ಪತ್ರಗಳು ಲೈನಿನಲ್ಲಿ ಸಿಕ್ಕಿಬೀಳುವ ವಸ್ತುಗಳಲ್ಲ ಎಂದು ಕಲಿಸಿಕೊಡುವಷ್ಟು ಕಲಿತವಳು ಅವಳೇ. ಆದರೂ ಹಾಗೆ ಅನ್ನುತ್ತಿದ್ದಳು. ಅವನು ಹೌದು ಹೌದು, ಲೈನೇ ಸರಿಯಿಲ್ಲ ಎಂದು ಲಗಮಣ್ಣನನ್ನು ಕರೆಸಿದ. ಒಂದಲ್ಲ ಮೂರು ಸಲ ಕರೆಸಿದ. ಚೆನ್ನಾಗಿದ್ದ ವಾಯರನ್ನು ಕಂಬ ಹತ್ತಿಸಿ ಬದಲಿ ಮಾಡಿಸಿ, ಕೆಳಗೆ ನಿಂತು ಹುಷಾರು ಹುಷಾರು ಎಂದು ಹೇಳಿ, ಚಹಾ ಕುಡಿಸಿ ಕಳಿಸಿದ. ಪತ್ರಕ್ಕೆ ಉತ್ತರ ಬರೆದದ್ದು ಒಂದು ಗಳಿಗೆಯ ಕೆಟ್ಟತನ ಅನ್ನಬಹುದೇನೋ. ಈ ಎರಡು ತಿಂಗಳ ನಾಟಕಕ್ಕೆ ಯಾವ ಹೆಸರೂ ಸಿಗುತ್ತಿರಲಿಲ್ಲ. ದೀಪಾವಳಿ ಮುಗಿದ ವಾರ ಶ್ರೇಯಸನ ಮದುವೆ ಕಾರ್ಡು ಬಂತು. ಅಂಚೆಯವನ ಕೈಯಿಂದ ಅವಳೇ ಇಸಿದುಕೊಂಡು, ಓದಿ, ಕನ್ನಡಿಯ ಚೌಕಟ್ಟಿಗೆ ಸಿಕ್ಕಿಸಿ, ಒಳಗೆ ಹೋಗಿ ರೊಟ್ಟಿ ಬಡಿಯಲು ಕೂತಳು. ಮಾರನೆಯ ದಿನದಿಂದ ಲೈನಿನ ದೂರು ನಿಂತಿತು.

ಲಗಮಣ್ಣ ಕೈ ಒರೆಸಿಕೊಂಡು ಎದ್ದ. "ಇವತ್ತ ತಂಗಿ ಬರತೈತೇನ್ರಿ? ಇನ್ನ ತಂಗಿ ಅನಬಾರದು ಬಿಡ್ರಿ, ತಪ್ಪಾತು. ಪುಣ್ಯೇವಂತರ ನೀವು."

ಪುಣ್ಯವಂತ ಎಂದು ಇಡೀ ಊರೇ ಅನ್ನುತ್ತಿತ್ತು. ಬಸದಿಯಲ್ಲಿ ಈಗ ಅವನಿಗೆ ಮುಂದಿನ ಸಾಲು ಬಿಡುತ್ತಿದ್ದರು. ಹೋದ ವರ್ಷ ಜಮಖಂಡಿಯ ಬಸ್ ನಿಲ್ದಾಣದಲ್ಲಿ ಯಾರೋ ಬಂದು ಕಾಲು ಮುಟ್ಟಿದರು. ತಲೆ ಎತ್ತಿದರೆ ಶ್ರೇಯಸ, ಕೈಯಲ್ಲಿ ಮಗು, ಹಿಂದೆ ಹೆಂಡತಿ. ಸಿದ್ಧಿ ಸಂಘ ಸೇರಿದ್ದು ಕೇಳಿದೆ, ಅವರ ಮನಸ್ಸು ಮೊದಲಿಂದಲೂ ಆ ಕಡೆಯೇ ಇತ್ತೇನೋ, ನನಗೇ ತಿಳಿಯಲಿಲ್ಲ, ನಾನು ಏನೇನೋ ಕೇಳಿ ತೊಂದರೆ ಕೊಟ್ಟಿದ್ದೆ, ಎಂದು ಆ ಹುಡುಗ ತಗ್ಗಿದ ದನಿಯಲ್ಲಿ ಹೇಳಿದ. ಶಾಂತಿನಾಥ ಮಗುವಿನ ಗಲ್ಲ ಸವರಿ, ಹುನ್ನೂರ ಬಸ್ ಬಂತು ಎಂದು ಬಂದಿರದ ಬಸ್ಸಿನ ಕಡೆ ಓಡಿಹೋದ. ಹುನ್ನೂರಿನಲ್ಲಿ ಅವನಿಗೆ ಯಾವ ಕೆಲಸವೂ ಇರಲಿಲ್ಲ.

ಒಂಬತ್ತೂವರೆಗೆ ಜೀಪು ಬಂತು. ಬಂಧುಗಳು ಅವಳನ್ನು ಬಾಗಿಲಲ್ಲಿ ಇಳಿಸಿ, ಎರಡಕ್ಕೆ ಬರುತ್ತೇವೆ ಎಂದು ಹೋದರು. ಸಂಘ ಸೇರಿದ ಮೇಲೆ ಮೂರು ವರ್ಷ ಬಿಳಿ ಸೀರೆಯಲ್ಲಿ ಕಂಡವಳು ಇವತ್ತು ಮೆರವಣಿಗೆಗೆಂದು ಮದುಮಗಳ ಹಾಗೆ ಶೃಂಗಾರಗೊಂಡಿದ್ದಳು: ಕುಂಕುಮ ಬಣ್ಣದ ಜರಿ ಸೀರೆ, ಬೈತಲೆಗೆ ಬಂಗಾರ, ಮೊಣಕೈಯವರೆಗೆ ಮೆಹೆಂದಿ. ಬಿಟ್ಟು ಹೋಗುವುದನ್ನೆಲ್ಲ ಒಮ್ಮೆ ತುಂಬ ಉಟ್ಟು ತೊಟ್ಟು ಬಿಡಲಿ ಎಂದು ಇರುವ ಪದ್ಧತಿ. ಹೀರಾಬಾಯಿ ದೃಷ್ಟಿ ತೆಗೆಯಲು ಹೋಗಿ ಅರ್ಧಕ್ಕೆ ನಿಲ್ಲಿಸಿದಳು. ಶಾಂತಿನಾಥ ಬಾ ಅನ್ನಬೇಕೋ ಬರ್ರಿ ಅನ್ನಬೇಕೋ ತಿಳಿಯದೆ ಬಾಗಿಲ ಬದಿಗೆ ಸರಿದ. ಮೂವತ್ತರ ಹೊಸ್ತಿಲಲ್ಲಿದ್ದ ಆ ಮುಖ ಶಾಂತವಾಗಿತ್ತು. ಆ ಶಾಂತಿ ಎಲ್ಲಿಂದ ಬಂದದ್ದು ಎಂಬುದೇ ಅವನನ್ನು ಒಳಗೊಳಗೇ ಕೊರೆಯುವ ಪ್ರಶ್ನೆ. ಶಾಸ್ತ್ರ ಓದಿ ಬಂದದ್ದೋ, ಅಥವಾ ದಿನಾ ಐದೂವರೆಗೆ ಖಾಲಿ ಪರದೆ ನೋಡಿ ನೋಡಿ ಬಂದದ್ದೋ? ಮೊದಲನೆಯದಾದರೆ ಅವನು ಪುಣ್ಯವಂತ. ಎರಡನೆಯದಾದರೆ ನಾಡಿದ್ದು ಮಂಟಪದಲ್ಲಿ ದೀಕ್ಷೆಯ ವಿಧಿಯಂತೆ ಅವಳ ಕೂದಲನ್ನು ಒಂದೊಂದೇ ಹಿಡಿಯಾಗಿ ಕೀಳುವ ಕೈ ಅವನದೇ.

ಅವಳು ಮಣೆಯ ಮೇಲೆ ಕೂತು ಊಟ ಮಾಡಿದಳು. ಮೊದಲೆಲ್ಲ ಉಪ್ಪಿಲ್ಲ, ಖಾರ ಇಲ್ಲ ಎಂದು ತಕರಾರು ತೆಗೆಯುತ್ತಿದ್ದವಳು ಬಡಿಸಿದ್ದನ್ನು ನೋಡಿ ನೋಡಿ, ನಿಧಾನ ಅಗಿದು ಉಂಡಳು. ಹೀರಾಬಾಯಿ ಇನ್ನೊಂದು ರೊಟ್ಟಿ ಹಿಡಿದು ನಿಂತೇ ಇದ್ದಳು. ಸಿದ್ಧಿ ಸಾಕು ಎಂದು ಕೈಸನ್ನೆ ಮಾಡಿ ನೀರು ಕುಡಿದಳು. ಅಲ್ಲಿಗೆ ಆ ದಿನದ ಅನ್ನ ನೀರು ಎರಡೂ ಮುಗಿದವು. ಶಾಂತಿನಾಥ ಕಂಬಕ್ಕೆ ಒರಗಿ ಗೋಡೆಯ ಗಡಿಯಾರ ನೋಡುತ್ತಿದ್ದ. ಹನ್ನೊಂದಾಗಿತ್ತು. ಓಣಿಯ ತುಂಬ ಮಗ್ಗಗಳು ಖಟಾಖಟ ಹೊಡೆದುಕೊಳ್ಳುತ್ತಿದ್ದವು. ಅದರ ನಡುವೆ ಮಾತಾಡಬೇಕಾದರೆ ದನಿ ಎತ್ತರಿಸಬೇಕು, ಈ ಮಾತನ್ನು ದನಿ ಎತ್ತರಿಸಿ ಹೇಳುವುದು ಹೇಗೆ? ಮತ್ತೆ ಹೋಗಿ ಯಂತ್ರದ ಮುಂದೆ ಕೂತ.

"ಇದನ್ಯಾಕ ತಗದೀರಿ ಅಪ್ಪಾಜಿ?" ಎಂದು ಸಿದ್ಧಿ ಬೆನ್ನ ಹಿಂದೆ ಬಂದು ನಿಂತಳು.

"ಸುಮ್ನ. ಲೈನ್ ಹತ್ತವಲ್ದು."

"ಲೈನ್ ಹತ್ತವಲ್ದೇನು!" ಅವಳಿಗೆ ನಗು ಬಂತು. ಪರದೆಯ ಮೇಲಿನ ಸಾಲು ಓದಿದಳು, ಮೇಜನ್ನು ಒಂದಿಷ್ಟು ಎಳೆದಳು, ಸೆರಗು ಸೊಂಟಕ್ಕೆ ಸಿಕ್ಕಿಸಿ, ಜರಿ ಸೀರೆಯಲ್ಲೇ ಮೊಣಕಾಲೂರಿ ಮೇಜಿನ ಕೆಳಗೆ ಹೊಕ್ಕಳು. ಹೀರಾಬಾಯಿ ಅಡಿಗೆಮನೆಯಿಂದ ನೋಡಿ, "ಅಯ್ ನನ್ನವ್ವಾ, ಸೀರಿ ಹೊಲಸಾಗತೈತಿ, ಏಳ!" ಎಂದು ಕೂಗಿದಳು. ಕೆಳಗಿನಿಂದ ಸಿದ್ಧಿಯ ದನಿ ಬಂತು: "ಇಲ್ಲಿ ಒಂದ ನಮೂನಿ ತೂತ ಎರಡ ಅದಾವ್ರಿ. ಒಂದು ಲೈನಿಂದು, ಒಂದು ಫೋನಿಂದು. ನೀವು ಫೋನಿಂದರಾಗ ಹಾಕೀರಿ. ಎಷ್ಟ ಸಲ ಹೇಳಿಕೊಟ್ಟೇನಿ ನಿಮಗ?" ಬಳೆಗಳು ಡಬ್ಬಿಗೆ ತಾಗಿದವು. ಹೊರಬಂದಾಗ ಬೈತಲೆಯ ಬಂಗಾರ ಓರೆಯಾಗಿತ್ತು, ಹಣೆಯ ಮೇಲೆ ಜೇಡರ ಬಲೆಯ ಎಳೆ. ಅದನ್ನು ತೆಗೆಯಲು ಅವನ ಕೈ ಎದ್ದು, ಮುಟ್ಟಬಹುದೋ ಇಲ್ಲವೋ ಎಂದು ಗಾಳಿಯಲ್ಲಿ ನಿಂತಿತು. ಇನ್ನೂ ಎರಡು ದಿನ ಮುಟ್ಟಬಹುದಾಗಿತ್ತು. ಅಷ್ಟರಲ್ಲಿ ಅವಳೇ ಒರೆಸಿಕೊಂಡಳು.

ಯಂತ್ರ ನಂಬರು ಒತ್ತಿತು, ಕಿರ್ರೋ ಎಂದಿತು, ಹತ್ತಿತು. "ಮುಗೀತ್ರಿ," ಎಂದು ಸಿದ್ಧಿ ಎದ್ದು ಹೋಗುವವಳಿದ್ದಳು. "ಇರು," ಎಂದ ಶಾಂತಿನಾಥ. "ಕೂಡು. ನಿನ್ನ ಅಂಚಿ ತಗದ ತೋರಸ್ತೀನಿ, ಒಂದ ನೋಡೂದೈತಿ." ಅವಳು ಬೇಡ ಅನ್ನಲಿಲ್ಲ. ಪಕ್ಕದ ಸ್ಟೂಲಿನಲ್ಲಿ ಕೂತಳು, ಅತಿಥಿಯ ಹಾಗೆ ಕೈ ತೊಡೆಯ ಮೇಲೆ. ಪುಟ ಮೇಲಿನಿಂದ ಕೆಳಗೆ ತುಂಡು ತುಂಡಾಗಿ ಬಿಡಿಸಿಕೊಳ್ಳುತ್ತ ಹೋಯಿತು. ಯಂತ್ರ ಅವಳ ಹೆಸರನ್ನೂ ಗುಪ್ತಪದದ ಚುಕ್ಕೆಗಳನ್ನೂ ತಾನೇ ತುಂಬಿತು. ಅವನು ಒತ್ತಿದ, ಕಾದ. ಬೆರಳು ಆಗಲೇ ಮೌಸಿನಿಂದ ಎದ್ದು ಪರದೆಯ ಕಡೆ ಚಾಚಿತ್ತು. ಕೊನೆಗೆ ಬಂದದ್ದು ನಾಲ್ಕು ಸಾಲು ಇಂಗ್ಲಿಷ್. ಅವನು ತಡವರಿಸುತ್ತಿದ್ದುದನ್ನು ನೋಡಿ ಅವಳೇ ಓದಿ ಹೇಳಿದಳು. "ಭಾಳ ದಿನಾ ತಗದಿಲ್ಲಂತ, ಅದಕ್ಕ ಒಳಗಿನ ಪತ್ರಾ ಎಲ್ಲಾ ತಗದ ಹಾಕ್ಯಾರಂತ್ರಿ. ಬೇಕಾರ ಹೊಸದಾಗಿ ಶುರು ಮಾಡ್ರಿ ಅಂತಾರ." ಅವಳ ದನಿಯಲ್ಲಿ ಬೇಸರ ಇರಲಿಲ್ಲ. "ಛಲೋನ ಆತಲ್ರಿ. ನಾನ ಬಂದು ಅಳಸಬೇಕು ಅಂತಿದ್ದೆ."

ಶಾಂತಿನಾಥ ಹೊಸದಾಗಿ ಶುರುಮಾಡುವ ಗುಂಡಿ ಒತ್ತಿ, ಕಳಿಸಿದ ಪತ್ರಗಳು ಎಂಬ ಕಪಾಟನ್ನು ತೆರೆದ. ಖಾಲಿ. ಮತ್ತೆ ಒತ್ತಿದ. ಅವಳು ಅಂದು ಹೇಗೆ ಒತ್ತುತ್ತಿದ್ದಳೋ ಹಾಗೆ, ತೆರೆದು, ಮುಚ್ಚಿ, ಮತ್ತೆ ತೆರೆದು. ಆರು ವರ್ಷ ಅವನು ಹೆದರಿಕೊಂಡೂ ನೆಚ್ಚಿಕೊಂಡೂ ಇದ್ದ ಒಂದೇ ಸಾಕ್ಷಿ, ಯಾರೋ ಕಾಣದ ಊರಿನಲ್ಲಿ ಕೂತವರು ಕಸ ಗುಡಿಸಿದ ಹಾಗೆ ಗುಡಿಸಿಬಿಟ್ಟಿದ್ದರು. ಇನ್ನು ಅವನು ಹೇಳದಿದ್ದರೆ ಅದು ನಡೆದೇ ಇಲ್ಲ. ಈ ಯೋಚನೆ ಬಂದಾಗ ಒಂದು ಗಳಿಗೆ, ಒಂದೇ ಗಳಿಗೆ, ಅವನ ಮೈಯೆಲ್ಲ ಬಿಡುಗಡೆಯಾದಂತೆ ಸಡಿಲಾಯಿತು. ಆ ಸಡಿಲು ಅವನಿಗೇ ಹೇಸಿಗೆ ತರಿಸಿತು. ಆಗ ಹನ್ನೆರಡಾಯಿತು. ಪರದೆ ಕಪ್ಪಾಯಿತು. ಓಣಿಯ ಮಗ್ಗಗಳೆಲ್ಲ ಒಮ್ಮೆಲೇ ನಿಂತು, ಅಡಿಗೆಮನೆಯಲ್ಲಿ ಹೀರಾಬಾಯಿ ಅಕ್ಕಿ ಆರಿಸುವ ಸದ್ದು ಕೂಡ ಕೇಳಿಸುವಷ್ಟು ಸ್ತಬ್ಧವಾಯಿತು.

"ಶ್ರೇಯಸ ಬರದಿದ್ದ," ಎಂದ ಶಾಂತಿನಾಥ, ಕಪ್ಪು ಪರದೆಗೆ. "ಆವಾಗ. ಕ್ಷಮಾವಾಣಿ ದಿನ."

ಸಿದ್ಧಿ ಸ್ಟೂಲನ್ನು ಅವನ ಕಡೆ ತಿರುಗಿಸಿಕೊಂಡಳು.

"ನೌಕರಿ ಸಿಕ್ಕೇತಿ, ನಮ್ಮಪ್ಪನ್ನ ಎಂದ ಕಳಸಲಿ ಅಂತ ಬರದಿದ್ದ. ಮನಸಿಲ್ಲ ಅಂದ್ರ ಕ್ಷಮಿಸು ಅಂತಷ್ಟ ಬರಿ ಅಂದಿದ್ದ. ನಾ ಓದಿದೆ. ನಿನ್ನ ಹೆಸರಲೆ ಹಂಗ ಬರದ ಕಳಿಸಿದೆ. ಅವನ ಪತ್ರಾ ಅಳಿಸಿದೆ."

ಅಡಿಗೆಮನೆಯಲ್ಲಿ ಅಕ್ಕಿಯ ಸದ್ದು ನಿಂತಿತು. ಅವನಿಗೆ ಹೆಂಡತಿಯ ನೆನಪೇ ಇರಲಿಲ್ಲ, ಈಗ ಬಂತು.

"ಲಗಮಣ್ಣ ಕಾಕಾನ ಕರಸಿದ್ರಲ್ರಿ," ಎಂದಳು ಸಿದ್ಧಿ. "ಮೂರ ಸಲ."

"ಹೂಂ."

"ನಾ ಇಲ್ಲೇ ಕುಂತಿರತಿದ್ದೆ. ನೀವು ಅಲ್ಲಿ ನಿಂತು, ಇವತ್ತರೆ ಬಂತೇನವ್ವಾ ಅಂತ ಕೇಳತಿದ್ರಿ."

ಅದನ್ನು ಅವನು ಮರೆತಿದ್ದ. ಮರೆತಿದ್ದೇನೆ ಎಂಬುದೂ ಗೊತ್ತಿಲ್ಲದಷ್ಟು ಚೆನ್ನಾಗಿ ಮರೆತಿದ್ದ. ಹೌದು, ಕೇಳುತ್ತಿದ್ದ. ಅವಳ ತಲೆಯ ಮೇಲೆ ಕೈಯಾಡಿಸಿ ಕೇಳುತ್ತಿದ್ದ.

"ಈಗ ಯಾಕ ಹೇಳಿದ್ರಿ? ನಾ ನಿಲ್ಲಲಿ ಅಂತೇನು?"

ಇಲ್ಲ ಅನ್ನಬೇಕೆಂದು ಬಾಯಿ ತೆರೆದ. ಹೌದೋ ಇಲ್ಲವೋ ಎಂದು ತನ್ನನ್ನೇ ತಾನು ತಪಾಸಣೆ ಮಾಡಿದ. ಬೆಳಕಿಗೆ ಹಿಡಿದಷ್ಟೂ ಎಳೆಗಳು ಕಲಸಿಕೊಂಡವು. "ಗೊತ್ತಿಲ್ಲ ನನ್ನವ್ವಾ," ಎಂದ. ಪರದೆಗಲ್ಲದೆ ಅವಳಿಗೇ ಆರು ವರ್ಷದಲ್ಲಿ ಆಡಿದ ಮೊದಲ ಖರೆ ಮಾತು ಬಹುಶಃ ಅದು.

"ನಿಲ್ಲೂದಿಲ್ರಿ. ನಾ ಆ ಸಂಕಟಕ್ಕ ಹೊಂಟಾಕಿ ಅಲ್ಲ. ಅದಕ್ಕಾದ್ರ ಆ ವರ್ಷನ ಹೋಗತಿದ್ದೆ." ಮೆಹೆಂದಿಯ ಅಂಗೈಗಳನ್ನು ತಿರುಗಿಸಿ ನೋಡಿಕೊಂಡಳು. ಧೂಳು ಹತ್ತಿತ್ತು. "ಆದ್ರ ನನಗ ನಾನ ಬ್ಯಾಡಾಗಿದ್ದೆ ಆವಾಗ. ನಾ ಏನೋ ಕಡಿಮಿ ಅದೀನಿ, ಅದಕ್ಕ ಬರೀಲಿಲ್ಲ ಅಂವಾ ಅಂತ. ಎಷ್ಟ ದಿನಾ ಗೊತ್ತೇನ್ರಿ ಅಪ್ಪಾಜಿ? ಕನ್ನಡಿ ನೋಡಿಕೊಳ್ಳೂದ ಬಿಟ್ಟಿದ್ದೆ."

ಶಾಂತಿನಾಥ ಕುರ್ಚಿಯಿಂದ ಇಳಿದು ನೆಲಕ್ಕೆ ಕೂತ. ಕೈ ಜೋಡಿಸಿದ. "ಕ್ಷಮಾ ಮಾಡ," ಎಂದ. ಆ ದಿನ ಒಂದೇ ಬೆರಳಿನಲ್ಲಿ ಒತ್ತಿದ ಶಬ್ದ ಈಗ ಬಾಯಿಂದ ಬಂತು.

ಸಿದ್ಧಿ ಅವನನ್ನು ನೋಡಿದಳು. ಕಣ್ಣು ತುಂಬಿರಲಿಲ್ಲ, ಆದರೆ ಬೆಳಿಗ್ಗೆಯ ಶಾಂತಿಯೂ ಅಲ್ಲಿರಲಿಲ್ಲ. ಹದಿಮೂರು ಹದಿನಾಲ್ಕರಲ್ಲಿ ರಚ್ಚೆ ಹಿಡಿದಾಗ ಇರುತ್ತಿದ್ದ ಹಾಗೆ ಮೂಗಿನ ಹೊಳ್ಳೆ ಕೆಂಪಾಗಿತ್ತು.

"ನಾಡಿದ್ದ ಮಂಟಪದಾಗ ನಿಂತು ಎಲ್ಲಾ ಜೀವಕ್ಕೂ ಕ್ಷಮಾ ಅಂತೀನ್ರಿ. ಇರಿವಿಗೆ, ಹುಳಕ್ಕ, ಗಿಡಕ್ಕ, ಎಲ್ಲಾಕ್ಕೂ. ಅದರಾಗ ನಿಮಗೂ ಬರತೈತಿ. ಬಾಯಿಮಾತಲ್ಲ, ಖರೇನ ಇರತೈತಿ ಅದು." ನಿಲ್ಲಿಸಿ ಉಸಿರೆಳೆದುಕೊಂಡಳು. "ಇವತ್ತ ಕೇಳಬ್ಯಾಡ್ರಿ. ಇವತ್ತ ನಾ ಇನ್ನೂ ನಿಮ್ಮ ಮಗಳದೀನಿ. ಮಗಳಾಗಿ ನನ್ನ ಕೈಲೆ ಆಗೂದಿಲ್ಲ."

ಹೀರಾಬಾಯಿ ಬಂದು ಗಂಡನನ್ನು ದಾಟಿಕೊಂಡು ಹೋಗಿ, ಮಗಳ ಕೈ ತೊಳೆದು, ಒರೆಸಿ, ಓರೆಯಾಗಿದ್ದ ಬೈತಲೆಯ ಬಂಗಾರ ಸರಿ ಮಾಡಿದಳು. ಉಡಿಗೆ ಅಕ್ಕಿ, ಕೊಬ್ಬರಿ, ಉತ್ತತ್ತಿ, ಅರಿಷಿಣ ಕೊಂಬು ಹಾಕುವಾಗ ಒಂದಿಷ್ಟು ಅಕ್ಕಿ ನೆಲಕ್ಕೆ ಚೆಲ್ಲಿತು. ಎರಡಕ್ಕೆ ಜೀಪು ಬಂತು, ಬಂಧುಗಳು ಬಂದರು, ಓಣಿಯವರು ಸೇರಿದರು. ಸಿದ್ಧಿ ಪದ್ಧತಿಯಂತೆ ಒಬ್ಬೊಬ್ಬರ ಮುಂದೆ ನಿಂತು ಕೈಮುಗಿದು ಕ್ಷಮೆ ಕೇಳಿ, ಕ್ಷಮೆ ಕೊಟ್ಟಳು. ನೆರೆಯ ಇಂದ್ರವ್ವನಿಗೆ, ದೂರ ನಿಂತಿದ್ದ ಲಗಮಣ್ಣನಿಗೆ, ಅವ್ವನಿಗೆ. ಅವ್ವನನ್ನು ಅಪ್ಪಿಕೊಂಡಳು. ಕೊನೆಗೆ ಅಪ್ಪನ ಮುಂದೆ ಬಂದಳು. ಬಾಗಿ ಎರಡೂ ಕಾಲು ಮುಟ್ಟಿದಳು. ಅವಳ ತಲೆ ಅವನ ಪಾದದ ಮೇಲೆ ಬೇರೆಯವರ ಮುಂದೆ ಇದ್ದುದಕ್ಕಿಂತ ಹೆಚ್ಚು ಹೊತ್ತು ಇತ್ತು. ಎದ್ದಳು. ಕ್ಷಮೆಯ ಆ ಮಾತು ಮಾತ್ರ ಆಡಲಿಲ್ಲ. ಪಾಪ, ಅಪ್ಪನ ಮುಂದೆ ಗಂಟಲು ಕಟ್ಟಿತು ಎಂದು ಇಂದ್ರವ್ವ ಸೆರಗಿನಿಂದ ಕಣ್ಣೊರೆಸಿಕೊಂಡಳು.

ಜೀಪು ಓಣಿಯ ತಿರುವು ದಾಟಿತು. ಸೇರಿದವರು ಅವನಿಗೆ ಕೈಮುಗಿದು, ಪುಣ್ಯವಂತರು ಎನ್ನುತ್ತ ಚದುರಿದರು. ಹೀರಾಬಾಯಿ ಅವನ ಕಡೆ ನೋಡದೆ ಒಳಗೆ ಹೋಗಿ ಚೆಲ್ಲಿದ ಅಕ್ಕಿ ಬಳಿಯತೊಡಗಿದಳು. ಶಾಂತಿನಾಥ ಬಾಗಿಲಲ್ಲೇ ನಿಂತಿದ್ದ. ಮುಹೂರ್ತ ನಾಡಿದ್ದು ಬೆಳಿಗ್ಗೆ ಒಂಬತ್ತಕ್ಕೆ. ಅಲ್ಲಿಯ ತನಕ ಆ ಶೃಂಗಾರದ ಒಳಗೆ, ಆ ಮಂಗಳವಾದ್ಯದ ನಡುವೆ, ಅವನ ಮೇಲೆ ಸಿಟ್ಟಾದ ಒಬ್ಬ ಮಗಳು ಇರುತ್ತಾಳೆ. ಮನೆ, ಬಂಗಾರ, ಹೆಸರು ಎಲ್ಲ ಬಿಟ್ಟು ಹೋಗುವವಳು ಈ ಸಿಟ್ಟೊಂದನ್ನು ಬಿಡದೆ ಸೆರಗಿನಲ್ಲಿ ಕಟ್ಟಿಕೊಂಡು ಹೋಗಿದ್ದಳು. ಅದು ಅವನದು, ಬೇರೆ ಯಾರಿಗೂ ಅವಳು ಅದನ್ನು ಕೊಟ್ಟಿರಲಿಲ್ಲ. ಆ ಸಿಟ್ಟು ಆರದಿರಲಿ ಎಂದು ಅವನು ಬೇಡಿಕೊಂಡ. ಒಂಬತ್ತು ಗಂಟೆಗೆ ಕ್ಷಮೆ ಬರುತ್ತದೆ, ಇರುವೆಗಳಿಗೂ ಗಿಡಗಳಿಗೂ ಬರುವಾಗ ಅವನಿಗೂ ಬರುತ್ತದೆ, ಕೊಡುವವಳು ಯಾರೋ ಆಗಿರುತ್ತಾಳೆ. ಅವನು ಒಳಗೆ ಹೋಗಿ ಹೆಂಡತಿಯ ಪಕ್ಕ, ಸ್ವಲ್ಪ ದೂರದಲ್ಲಿ ಕೂತು, ಅಕ್ಕಿ ಆರಿಸತೊಡಗಿದ. ಅವಳು ಏಳು ಅನ್ನಲಿಲ್ಲ, ಕೂಡು ಅಂತಲೂ ಅನ್ನಲಿಲ್ಲ.